ಗಡಿಯಾರ ನನ್ನದು, ಎದೆಬಡಿತ ಅವರದು

“ಎಲ್ಲಿದ್ದೀಯಪ್ಪ? ನಿನ್ನ ಎದೆಬಡಿತ ಏರುಪೇರಾಗ್ತಿದೆ, ನನ್ನ ಫೋನಲ್ಲಿ ಕೆಂಪಗೆ ತೋರಿಸ್ತಿದೆ. ಇದ್ದಲ್ಲೇ ಕೂತ್ಕೊಂಬಿಡು!” ಚಿಂತಾಮಣಿಯಲ್ಲಿ ನರ್ಸ್ ಆಗಿರುವ ಮಗಳು ಫೋನಿನಲ್ಲಿ ಗಾಬರಿಯಿಂದ ಕೂಗಿದಳು. ಶಿಡ್ಲಘಟ್ಟದ ಮನೆಯಲ್ಲಿ ನಾನು ಆರಾಮವಾಗಿ ಕಡಲೆಕಾಯಿ ಸುಲಿಯುತ್ತಿದ್ದೆ.

ಬಿ.ಪಿ. ಇರುವ ನನಗೆ ಅವಳು ಕೊಡಿಸಿದ್ದ, ಎದೆಬಡಿತ, ಹೆಜ್ಜೆ ಎಣಿಸಿ ಅವಳ ಫೋನಿಗೆ ಕಳಿಸುವ ಸಿಮ್ ಹಾಕಿದ ವಾಚು ನನ್ನ ಕೈಯಲ್ಲಿರಲಿಲ್ಲ. ನಡೆಯಲು ಸೋಮಾರಿತನ. ಹೆಜ್ಜೆಗಳ ಲೆಕ್ಕ ತುಂಬಲೆಂದು ಅದನ್ನು ದಿನವೂ ಗೆಳೆಯ ಬಾಷಾ ಸಾಬರಿಗೆ ಕಟ್ಟಿ ರೇಷ್ಮೆಗೂಡಿನ ಮಾರುಕಟ್ಟೆಗೆ ಕಳಿಸುತ್ತಿದ್ದೆ. “ನೀನು ಕೂತ್ಕೊಳಪ್ಪ ರಾಜ, ನಿನ್ನ ವಾಕಿಂಗೂ ನಾನೇ ಮಾಡ್ತೀನಿ” ಎಂದು ಅವರು ನಗುತ್ತಿದ್ದರು.

ಕಳ್ಳಾಟ ಬಯಲಾದೀತೆಂದು ಹೆದರಿ, “ಏನಿಲ್ಲ ಕಣಮ್ಮ, ಮೆಟ್ಟಿಲು ಹತ್ತಿದೆ” ಎಂದುಬಿಟ್ಟೆ. ಬಾಷಾಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವರೇ ಮರಳಿ ಮಾಡುತ್ತಾರೆಂದು ಕಾದು ಕೂತೆ. ಕಾಲು ಗಂಟೆಯ ಮೇಲೆ ಮಗಳು ಅಳುತ್ತ ಮತ್ತೆ ಕರೆ ಮಾಡಿದಾಗಲೇ ನಿಜ ಹೇಳಿ ಮಾರುಕಟ್ಟೆಗೆ ಓಡಿದ್ದು. ಬಾಷಾ ಗೂಡಿನ ಕ್ರೇಟುಗಳ ಹಿಂದೆ ಗೋಡೆಗೊರಗಿ, ಬೆವೆತು ಕುಸಿದಿದ್ದರು. ತೂಕಡಿಸುತ್ತಿದ್ದಾರೆಂದು ಸುತ್ತಲಿನವರು ತಿಳಿದಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ಅವರು ಉಳಿದರು. ನಾನೇ ಉಳಿಸಿದೆನೆಂದು ಅವರ ಮನೆಯವರೆಲ್ಲ ಹೇಳುತ್ತಾರೆ. ಸುಮ್ಮನೆ ಕೂತಿದ್ದ ಆ ಕಾಲು ಗಂಟೆಯ ವಿಷಯ ಬಾಯಿಬಿಟ್ಟು ಹೇಳಲು ನನ್ನಿಂದ ಆಗಿಲ್ಲ. ಬಾಷಾ ತಪ್ಪದೆ ಈ ಪತ್ರಿಕೆ ಓದುತ್ತಾರೆ, ಇದನ್ನೂ ಓದಲಿ.