ಕೆಡದ ಬಣ್ಣ

ನಾಟಕಕ್ಕೆ, ಹಾಡಿಗೆ, ಕುಣಿತಕ್ಕೆ ಸರಕಾರ ಯಾಕೆ ದುಡ್ಡು ಸುರಿಯಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ರಸ್ತೆ ಮಾಡಲಿ, ನಲ್ಲಿಯಲ್ಲಿ ನೀರು ಬಿಡಲಿ, ಆಮೇಲೆ ಈ ಶೋಕಿ ಎನ್ನುತ್ತಾರೆ. ಅವರೊಂದಿಗೆ ವಾದಕ್ಕಿಳಿಯುವ ತಾಳ್ಮೆ ನನಗಿಲ್ಲ. ಆ ಮಾತು ಬಂದಾಗಲೆಲ್ಲ ನನ್ನ ಅವ್ವ ಮುಖಕ್ಕೆ ಬಣ್ಣ ಹಚ್ಚಿಕೊಂಡು ಪರದೆಯ ಪಕ್ಕದಲ್ಲಿ ನಿಂತದ್ದು ಕಣ್ಣಮುಂದೆ ಬರುತ್ತದೆ. ಅವಳನ್ನು ಅಲ್ಲಿಯವರೆಗೆ ಕರೆತಂದದ್ದು ಸರಕಾರದ ಸಹಾಯವೇ. ಅಲ್ಲಿಂದ ರಂಗದ ನಡುವಿಗೆ ಹೋಗುವುದು ಮಾತ್ರ ಅವಳಿಗೆ ಆಗಲಿಲ್ಲ.

ಆಗ ನಾವು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನಿಗೆ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಕೆಲಸ. ಮನೆಯೊಳಗೆ ಬಾಗಲಕೋಟೆಯ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಅವ್ವ ಮೂರನ್ನೂ ಒಂದೇ ಧೈರ್ಯದಲ್ಲಿ ಆಡುತ್ತಿದ್ದಳು, ತಪ್ಪಾದರೆ ತಾನೇ ಮೊದಲು ನಗುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ನಮ್ಮ ಜೊತೆಗೇ ಇದ್ದಳು. ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು.

ಅವ್ವನಿಗೆ ಚಿಕ್ಕಂದಿನಿಂದ ನಾಟಕದ ಹುಚ್ಚು. ಊರಿಗೆ ಕಂಪನಿ ಬಂದು ಬೀಡುಬಿಟ್ಟರೆ ತಂಬುವಿನ ಹೊರಗೆ ನಿಂತೇ ಹಾಡು ಕಲಿಯುತ್ತಿದ್ದಳಂತೆ. ಒಮ್ಮೆ ಅದನ್ನು ಮನೆಯಲ್ಲಿ ಗುನುಗಿದ್ದಕ್ಕೆ ಅವಳಪ್ಪ ಬೆನ್ನಿಗೆ ಬಾರಿಸಿದ್ದನಂತೆ. ಬಣ್ಣ ಹಚ್ಚುವ ಹೆಂಗಸರ ಬಗ್ಗೆ ಆ ಊರಿನ ಜನ ಏನು ಆಡಿಕೊಳ್ಳುತ್ತಿದ್ದರು ಎಂಬುದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಅವಳ ಆಸೆ ಅಲ್ಲಿಗೇ ಮುದುಡಿಹೋಗಿತ್ತು.

ಹೈದರಾಬಾದಿನ ನಮ್ಮ ಕನ್ನಡದವರ ಸಂಘಕ್ಕೆ ಒಂದು ವರ್ಷ ಅಲ್ಲಿಯ ರಾಜ್ಯ ಸರಕಾರದ ಸಂಸ್ಕೃತಿ ಇಲಾಖೆಯಿಂದ ರಿಯಾಯಿತಿ ಸಿಕ್ಕಿತು. ಬೇರೆ ಭಾಷೆಯವರೂ ತಮ್ಮ ನಾಟಕ ಆಡಲಿ ಎಂದು ಊರ ನಡುವಿನ ದೊಡ್ಡ ಸರಕಾರಿ ಸಭಾಂಗಣವನ್ನು ಭಾನುವಾರ ಮಧ್ಯಾಹ್ನ ಬಿಟ್ಟುಕೊಡುತ್ತಿದ್ದರು. ದೀಪ, ಮೈಕು, ಪರದೆ ಎಲ್ಲ ಅವರದೇ. ಅಪ್ಪನ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬರು ಸಂಘಕ್ಕಾಗಿ ನಾಟಕ ಬರೆದು ತಾವೇ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಅವರು ಅವ್ವನನ್ನು ಕೇಳಲು ನಮ್ಮ ಮನೆಗೆ ಬಂದರು. ಉತ್ತರ ಕೊಟ್ಟವಳು ಅಜ್ಜಿ.

“ಎಲ್ಲಿ ಆಡೂದು?”

“ಸರಕಾರಿ ಹಾಲ್‌ನಾಗ್ರಿ ತಾಯಿ. ಸರಕಾರದವರ ಸಹಾಯ ಐತ್ರಿ.”

“ಸಹಾಯ ಅಂದ್ರ, ಆಫೀಸರು ಬರ್ತಾರೇನು?”

“ಬರ್ತಾರ್ರಿ. ಬಂದು ಭಾಷಣಾನೂ ಮಾಡ್ತಾರ.”

ಅಜ್ಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. “ಆಫೀಸರು ಬರ್ತಾರಂದ್ರ ಮರ್ಯಾದಿ ಕೆಲಸ ಅದು. ಹೋಗ್ಲಿ,” ಎಂದಳು.

ಅವ್ವ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದವಳು ಸೋಸುವುದನ್ನೇ ಮರೆತಳು. ಹುಟ್ಟಿದಾಗಿನಿಂದ ಮುಚ್ಚಿದ್ದ ಬಾಗಿಲು ಒಂದು ಇಲಾಖೆಯ ಹೆಸರು ಕೇಳಿದ್ದೇ ತೆರೆದುಕೊಂಡಿತ್ತು. ಸರಕಾರದ ಸಹಾಯದಿಂದ ಏನು ಪ್ರಯೋಜನ ಎನ್ನುವವರಿಗೆ ಆ ಅಡುಗೆಮನೆಯಲ್ಲಿ ಅವ್ವನ ಮುಖ ತೋರಿಸಬೇಕಿತ್ತು. ನಮ್ಮ ಓಣಿಯ, ಅಪ್ಪನ ಕಾರ್ಖಾನೆಯ ಎಷ್ಟೋ ಹೆಂಗಸರು ಹೀಗೆಯೇ ಹೊರಗೆ ಬಂದರು. ಗಂಡಂದಿರಿಗೆ, ಅತ್ತೆಯಂದಿರಿಗೆ ನಾಟಕ ಅಂದರೆ ಭಯ, ಸರಕಾರ ಅಂದರೆ ಗೌರವ.

ಅವ್ವನ ಪಾತ್ರ ಕೊನೆಯ ದೃಶ್ಯದಲ್ಲಿ ಮಾತ್ರ. ತಪ್ಪು ತಿಳಿದು ದೊರೆಯೊಬ್ಬ ಬಡ ಹುಡುಗನೊಬ್ಬನ ತಲೆ ಹೊಡೆಸುತ್ತಾನೆ. ಹುಡುಗನ ತಾಯಿ ಅರಮನೆಗೆ ಬರುತ್ತಾಳೆ. ಶಾಪ ಹಾಕುತ್ತಾಳೆಂದು ಎಲ್ಲರೂ ನಡುಗುತ್ತಿರುವಾಗ ಅವಳು ಕೇಳುವುದು ಇಷ್ಟೇ: “ನನ್ನ ಮಗ ಕಡೀ ದಿನ ಉಂಡಿದ್ನೋ ಇಲ್ಲೋ, ಅಷ್ಟ ಹೇಳು ದೊರೀ.” ಇಡೀ ನಾಟಕ ಆ ಒಂದು ಮಾತಿಗಾಗಿಯೇ ಬರೆದದ್ದು ಎಂದು ಮಾಸ್ತರರು ಹೇಳುತ್ತಿದ್ದರು.

ತಾಲೀಮು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಡೆಯುತ್ತಿತ್ತು. ಅಜ್ಜಿ ಬಾಗಿಲಲ್ಲಿ ಕೂತು ಮೆಂತ್ಯಪಲ್ಲೆ ಸೋಸುತ್ತ, ಎಲೆ ಎಲ್ಲಿ ಕಡ್ಡಿ ಎಲ್ಲಿ ಎಂಬ ಪರಿವೆಯಿಲ್ಲದೆ ನೋಡುತ್ತಿದ್ದಳು. ಆ ಮಾತಿಗೆ ಬಂದಾಗಲೆಲ್ಲ ಅವ್ವ ನಿಜವಾಗಿಯೂ ಅಳುತ್ತಿದ್ದಳು. ಕಣ್ಣಿನ ಕಾಡಿಗೆ ಕರಗಿ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಮಾಸ್ತರರು ತಲೆ ಚಚ್ಚಿಕೊಳ್ಳುತ್ತಿದ್ದರು.

“ಅಕ್ಕಾರ, ಅಳೂದು ನೋಡಾವ್ರ ಕೆಲಸ್ರಿ. ನೀವ ಅತ್ರ ಬಣ್ಣ ಕೆಡತೈತಿ.”

“ಏನ್ ಮಾಡ್ಲಿರಿ ಮಾಸ್ತರ, ಆ ಮಾತು ಬಂದ್ರ ತಡಕೊಳ್ಳಾಕ ಆಗೂದಿಲ್ಲ.”

“ಅಳಲಿ ಬಿಡೋ, ಖರೇ ಕಾಣತೈತಿ,” ಎಂದು ಅಜ್ಜಿ ತೀರ್ಪು ಕೊಡುತ್ತಿದ್ದಳು.

ನಾಟಕದ ದಿನ ಮೊಣಕಾಲು ಹಿಡಿದುಕೊಂಡು ಅಜ್ಜಿಗೆ ಬಸ್ಸು ಹತ್ತಲಾಗಲಿಲ್ಲ. ಅವಳನ್ನು ಮನೆಯಲ್ಲಿ ಬಿಟ್ಟು ನಾವು ಮೂವರೇ ಹೋದೆವು. ಸಭಾಂಗಣ ತಂಪಾಗಿತ್ತು, ಕುರ್ಚಿಗಳು ಮೆತ್ತಗಿದ್ದವು, ಕಂಬಕ್ಕೊರಗಿ ನಿಂತು ನೋಡುವ ಕಾಟ ಯಾರಿಗೂ ಇರಲಿಲ್ಲ. ಅಪ್ಪ ಮುಂದೆ ಕೂತ. ನಾನು ಹಟ ಹಿಡಿದು ಅವ್ವನ ಹತ್ತಿರ, ಪರದೆಯ ಪಕ್ಕದಲ್ಲಿ ಉಳಿದೆ. ಅವಳು ಬಿಳಿ ಸೀರೆಯುಟ್ಟು, ಬಣ್ಣ ಹಚ್ಚಿ, ಕಾಡಿಗೆ ತೀಡಿ ಮೊದಲೇ ತಯಾರಾಗಿ ನಿಂತುಬಿಟ್ಟಿದ್ದಳು. ಕೂತರೆ ಸೀರೆ ಮುದುಡುತ್ತದೆಂದು ಕೂರಲೂ ಇಲ್ಲ.

ಅಧಿಕಾರಿ ತಡವಾಗಿ ಬಂದರು. ಅವರು ಬರುವತನಕ ಪರದೆ ಏಳುವಂತಿರಲಿಲ್ಲ. ಬಂದವರು ತೆಲುಗಿನಲ್ಲಿ ಭಾಷಣ ಮಾಡಿದರು. ಸರಕಾರದ ಆಸರೆ ಇಲ್ಲದೆ ಕಲೆ ಬದುಕಲಾರದು, ಕಲೆಯಿಲ್ಲದೆ ಜನ ಬದುಕಲಾರರು ಎಂದರು. ಚೆನ್ನಾಗಿಯೇ ಮಾತಾಡಿದರು, ಇಲ್ಲವೆನ್ನುವುದಿಲ್ಲ. ಅವರು ಹೊಗಳಿದ ಕಲೆ ಪರದೆಯ ಹಿಂದೆ ಕಾಲು ನೋಯಿಸಿಕೊಂಡು ನಿಂತಿತ್ತು. ಆದರೂ ಅವರ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಅವರು ಒಂದು ಹದದಲ್ಲಿ ಮುಗಿಸಿದರು. ಮುಗಿಸದವರು ನಮ್ಮವರು! ಅಧಿಕಾರಿಗೆ ಶಾಲು ಹೊದಿಸಿದರು, ಅವರ ಜೊತೆ ಬಂದವರಿಗೆ ಹೊದಿಸಿದರು, ಆಮೇಲೆ ಸಂಘದ ಹಿರಿಯರು ಒಬ್ಬರಿಗೊಬ್ಬರು ಹೊದಿಸಿಕೊಂಡರು. ಪ್ರತಿಯೊಬ್ಬರೂ ‘ಎರಡು ಮಾತು’ ಎಂದು ಮೈಕು ಹಿಡಿದವರೇ. ಸರಕಾರ ಕೊಟ್ಟ ಹೊತ್ತನ್ನು ಸರಕಾರವನ್ನು ಹೊಗಳಿಯೇ ತಿಂದು ಮುಗಿಸಿದರು. ಆ ಶಾಲುಗಳನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ನಾಟಕ ಶುರುವಾದಾಗ ಅರ್ಧ ಹೊತ್ತು ಹೋಗಿತ್ತು. ದೊರೆಯ ಪಾತ್ರದವರು ಒನ್ಸ್ ಮೋರ್ ಎಂದವರಿಗೆಲ್ಲ ಹಾಡಿದರು. ಹುಡುಗನನ್ನು ಕೊಲೆಗೆ ಎಳೆದೊಯ್ಯುವ ದೃಶ್ಯ ನಡೆದಿರುವಾಗ ಸಭಾಂಗಣದ ಮ್ಯಾನೇಜರು ಪರದೆಯ ಪಕ್ಕಕ್ಕೆ ಬಂದರು. “ಇಂಕ ಟೈಮ್ ಲೇದು ಸಾರ್,” ಇನ್ನು ಹೊತ್ತಿಲ್ಲ ಎಂದರು. ಮಾಸ್ತರರು ಕೈಮುಗಿದು ಇನ್ನೊಂದೇ ದೃಶ್ಯ ಎಂದು ಬೇಡಿಕೊಂಡರು. ಮ್ಯಾನೇಜರು ಹಿಂದಿನ ಓಣಿಯ ಬಾಗಿಲು ಸರಿಸಿ ತೋರಿಸಿದರು. ಅಲ್ಲಿ ಮುಂದಿನ ಕಾರ್ಯಕ್ರಮದ ಪುಟ್ಟ ಹುಡುಗಿಯರು ಗೆಜ್ಜೆ ಕಟ್ಟಿ, ಹೂ ಮುಡಿದು, ಗೋಡೆಗೆ ಸಾಲಾಗಿ ನಿಂತಿದ್ದರು. ಅವರಿಗೂ ಇದೇ ರಿಯಾಯಿತಿಯಲ್ಲೇ ಹಾಲ್ ಸಿಕ್ಕಿತ್ತು. ಅವರ ಹೊತ್ತು ಕಿತ್ತುಕೊಳ್ಳಲು ನಾವು ಯಾರು?

ಪರದೆ ಬಿತ್ತು. ದೊರೆ ಗೆದ್ದ, ಹುಡುಗ ಸತ್ತ, ನಾಟಕ ಮುಗಿಯಿತು ಎಂದೇ ಜನ ತಿಳಿದರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವ್ವ ಒಂದು ಕೈಯಲ್ಲಿ ಪರದೆಯ ಅಂಚು ಹಿಡಿದು ಆ ಚಪ್ಪಾಳೆಯನ್ನು ಪೂರ್ತಿ ಕೇಳಿದಳು. ಅವಳು ಬರದಿದ್ದದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಮಾಸ್ತರರು ಬಂದು, “ಅಕ್ಕಾರ, ಮುಂದಿನ ವರ್ಷ...” ಎಂದು ಕಣ್ಣೊರೆಸಿಕೊಂಡರು. ಅವ್ವ, “ಇರ್ಲಿ ಬಿಡ್ರಿ ಮಾಸ್ತರ,” ಎಂದಳು. ಮುಖ ತೊಳೆಯಲೂ ಪುರಸೊತ್ತಿರಲಿಲ್ಲ, ಆ ಹುಡುಗಿಯರಿಗೆ ಕೋಣೆ ಬಿಡಬೇಕಿತ್ತು. ಬಣ್ಣದ ಮುಖದಲ್ಲೇ ಬಸ್ಸು ಹತ್ತಿದೆವು. ಹತ್ತುವ ಮೊದಲು ಅಪ್ಪ ಮಿರ್ಚಿ ಭಜಿ ಕಟ್ಟಿಸಿಕೊಟ್ಟಿದ್ದ. ಅವ್ವ ಪೊಟ್ಟಣ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅಜ್ಜಿ ಬಾಗಿಲಲ್ಲೇ ಕಾದಿದ್ದಳು.

“ಹೆಂಗಾತವ್ವಾ?”

“ಭಾಳ ಛಲೋ ಆತ್ರಿ ಅತ್ತಿಯವರ. ಎಲ್ಲಾರೂ ಅತ್ತರು.”

ಅಪ್ಪ ಬಗ್ಗಿ ಚಪ್ಪಲಿ ಬಿಚ್ಚತೊಡಗಿದವನು ತಲೆ ಎತ್ತಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಭುಜ ಅದುಮಿದಳು. ಅಜ್ಜಿ ಅವ್ವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಮೊದಲ ಮಾರಿ ತೊಳಕೊಂಡು ಉಣ್ಣ ಬಾ,” ಎಂದಳು.

ಮರುದಿನದಿಂದ ಅಜ್ಜಿಗೆ ಅದೇ ಮಾತು. ತನ್ನ ಅರೆಬರೆ ತೆಲುಗಿನಲ್ಲಿ ಓಣಿಯ ಹೆಂಗಸರಿಗೆಲ್ಲ ಹೇಳಿದ್ದೇ ಹೇಳಿದ್ದು: ಸರಕಾರಿ ಹಾಲಿನಲ್ಲಿ, ಆಫೀಸರ ಮುಂದೆ, ನಮ್ಮ ಸೊಸೆ ಎಲ್ಲರನ್ನೂ ಅಳಿಸಿಬಿಟ್ಟಳು. ಅವ್ವ ಕೇಳಿಸಿಕೊಂಡು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಪಾಪ, ಅಜ್ಜಿಗೆ ಮೋಸ ಆಗುತ್ತಿದೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮುಂದಿನ ವರ್ಷ ಆ ರಿಯಾಯಿತಿ ನಿಂತುಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ. ಸಂಘದವರು ಮದುವೆ ಹಾಲ್ ಹಿಡಿದು ಸಿನಿಮಾ ಹಾಡಿನ ಆರ್ಕೆಸ್ಟ್ರಾ ಇಟ್ಟರು. ಮಾಸ್ತರರಿಗೆ ವರ್ಗವಾಯಿತು. ಮನೆ ಬಿಟ್ಟು ಹೊರಬಂದಿದ್ದ ಹೆಂಗಸರು ಮತ್ತೆ ಒಳಗೆ ಸೇರಿದರು. ಮದುವೆ ಹಾಲಿನಲ್ಲಿ ಕುಣಿಯಲು ಯಾವ ಅತ್ತೆ ಒಪ್ಪುತ್ತಾಳೆ? ಅವ್ವ ಆ ಮಾತನ್ನೇ ಎತ್ತಲಿಲ್ಲ. ಹಾಡುವುದನ್ನೂ ಬಿಟ್ಟಳು. ಮನೆ ಎಷ್ಟು ಸಪ್ಪೆಯಾಯಿತೆಂದು ಹೇಳಲಾರೆ.

ಕೆಲವು ವರ್ಷಗಳ ನಂತರ ಅಜ್ಜಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅವ್ವ ಗಂಜಿ ಕುಡಿಸಿ ಬಾಯಿ ಒರೆಸುತ್ತಿರುವಾಗ ಅಜ್ಜಿ ಅವಳ ಕೈ ಹಿಡಿದುಕೊಂಡಳು.

“ಆ ದೊರಿ ಮುಂದ ಬರೂದು ಮಾಡವ್ವಾ ಒಮ್ಮೆ.”

“ಈಗ್ಯಾಕ್ರಿ ಅತ್ತಿಯವರ...”

“ಮಾಡು. ನಾ ನೋಡಬೇಕು.”

ಅವ್ವ ಬಟ್ಟಲು ಕೆಳಗಿಟ್ಟಳು. ಬಾಗಿಲತನಕ ಹೋಗಿ, ತಿರುಗಿ, ನಿಧಾನವಾಗಿ ನಡೆದು ಬಂದು ಮಂಚದ ಮುಂದೆ ನಿಂತಳು. ಒಂದಕ್ಷರವೂ ಮರೆತಿರಲಿಲ್ಲ. ‘ಉಂಡಿದ್ನೋ ಇಲ್ಲೋ’ ಎನ್ನುವಾಗ ಧ್ವನಿ ಒಡೆಯಿತು, ಕಾಡಿಗೆ ಕರಗಿ ಕೆನ್ನೆಗಿಳಿಯಿತು. ನಾನೂ ಅತ್ತೆ. ಅಜ್ಜಿ ಅವಳನ್ನು ಹತ್ತಿರ ಕರೆದು ತನ್ನ ಸೆರಗಿನಿಂದ ಆ ಕಾಡಿಗೆ ಒರೆಸಿದಳು.

“ಅವತ್ತು ಇದು ಇಳಿದಿರಲಿಲ್ಲ,” ಎಂದಳು. “ಬಣ್ಣ ಹಚ್ಚಿದ್ದು ಹಚ್ಚಿದಂಗ ಇತ್ತು.”

ಅವ್ವ ಮಂಚದ ಅಂಚಿಗೆ ಕೂತಳು. “ಗೊತ್ತಿತ್ತಂದ್ರ ಓಣಿ ತುಂಬ ಯಾಕ ಹಂಗ ಹೇಳಿಕೋತ ಅಡ್ಡಾಡಿದ್ರಿ?” ಎಂದಳು.

“ನಿನ್ನ ರಂಗದ ಮ್ಯಾಲ ಬಿಟ್ಟಿದ್ರ ಎಲ್ಲಾರನೂ ಅಳಸ್ತಿದ್ದಿಲ್ಲ? ಅದರಾಗ ಸುಳ್ಳೇನೈತಿ?”

ಅಜ್ಜಿ ಹೆಚ್ಚು ದಿನ ಉಳಿಯಲಿಲ್ಲ. ಸಾವಿನ ಮನೆಗೆ ಮಾತಾಡಿಸಲು ಬಂದ ಪಕ್ಕದ ಮನೆಯ ತೆಲುಗಿನಾಕೆ ಅವ್ವನ ಪಕ್ಕ ಕೂತು, ನಿಮ್ಮ ಅತ್ತೆ ಯಾವಾಗಲೂ ನಿಮ್ಮ ನಾಟಕದ ಮಾತನ್ನೇ ಆಡುತ್ತಿದ್ದರು, ತಮಗೆ ಹೋಗಿ ನೋಡಲಾಗಲಿಲ್ಲ ಎಂಬ ಕೊರಗಿತ್ತೇನೋ ಎಂದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ತೆಲುಗಿನಲ್ಲೇ ಉತ್ತರ ಕೊಟ್ಟಳು.

“ಇಲ್ಲ, ನೋಡಿದರು. ಅವರೊಬ್ಬರೇ ನೋಡಿದ್ದು.”