ಸೈಡ್ ಕೊಡುವ ಕಾಡಪ್ಪ

ಬೆಳಗಿನ ಐದೂವರೆ. ಸಾಲಹಳ್ಳಿಯ ಹೊಲದ ಅಂಚಿನಲ್ಲಿ ಕಬ್ಬು ತುಂಬಿದ ಎರಡು ಟ್ರೇಲರ್‌ಗಳು ಒಂದರ ಹಿಂದೊಂದು ನಿಂತಿವೆ. ಟ್ರ್ಯಾಕ್ಟರ್ ಇನ್ನೂ ಶುರುವಾಗಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಕಾಡಪ್ಪ ಕೈಯಲ್ಲಿ ಕುಡುಗೋಲು ಹಿಡಿದು ಹಿಂದಿನ ಟ್ರೇಲರ್‌ನ ಬೆನ್ನಿಗೆ ಬಂದಿದ್ದಾರೆ. ಕೆಂಪು ದೀಪದ ಮೇಲೆ ಜೋತುಬಿದ್ದ ಕಬ್ಬಿನ ಗರಿಗಳನ್ನು ಸವರಿ ಹಾಕುತ್ತಾರೆ. ಹಸಿ ಅರಿವೆಯಿಂದ ರೇಡಿಯಂ ಪಟ್ಟಿಯ ಧೂಳು ಒರೆಸುತ್ತಾರೆ. ಆಮೇಲೆ ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು, ಬ್ಯಾಟರಿಯ ಬೆಳಕು ಬಿಟ್ಟು ನೋಡುತ್ತಾರೆ. ಪಟ್ಟಿ ಫಳಫಳ ಹೊಳೆಯುತ್ತದೆ. ಆದರೂ ಸಮಾಧಾನವಿಲ್ಲ. ಬಲಬದಿಗೆ ಮೊಳದಷ್ಟು ಚಾಚಿಕೊಂಡಿರುವ ಒಂದು ಕಬ್ಬನ್ನು ಕತ್ತರಿಸಿದ ಮೇಲೆಯೇ ಸೀಟು ಹತ್ತುತ್ತಾರೆ.

"ನನಗ ಮುಂದಿಂದು ಕಂಡ್ರ ಸಾಲೂದಿಲ್ಲರಿ. ಹಿಂದ ಬರಾವ್ರಿಗೆ ನಾ ಕಾಣಬೇಕು," ಎನ್ನುತ್ತಾರೆ.

ಕಾಡಪ್ಪನವರಿಗೆ ಈಗ ಐವತ್ನಾಲ್ಕು. ಟ್ರ್ಯಾಕ್ಟರ್ ಹತ್ತಿ ಮೂವತ್ತು ವರ್ಷ. ಕಬ್ಬಿನ ಹಂಗಾಮಿನ ನಾಲ್ಕು ತಿಂಗಳು ಅವರ ಬದುಕು ಹೊಲ ಮತ್ತು ಸಕ್ಕರೆ ಕಾರ್ಖಾನೆಯ ನಡುವಿನ ಮೂವತ್ತಾರು ಕಿಲೋಮೀಟರಿನ ರಸ್ತೆಯ ಮೇಲೆ. ಬೆನ್ನಿಗೆ ಇಪ್ಪತ್ತು ಟನ್ನಿಗೂ ಮಿಕ್ಕಿದ ಭಾರ, ವೇಗ ಗಂಟೆಗೆ ಹದಿನೈದು ಕಿಲೋಮೀಟರು. ಇಂಥ ಗಾಡಿಯ ಹಿಂದೆ ಸಿಕ್ಕಿಕೊಂಡವರ ಪಾಡು ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಆದರೆ ಕಾಡಪ್ಪನವರ ಹಿಂದೆ ಯಾರೂ ಬಹಳ ಹೊತ್ತು ಸಿಕ್ಕಿಕೊಳ್ಳುವುದಿಲ್ಲ. ಬೈಲಹೊಂಗಲದ ಗುಜರಿಯಲ್ಲಿ ಹುಡುಕಿ ತಂದ ಹಳೆಯ ಬಸ್ಸಿನ ಎರಡು ಕನ್ನಡಿಗಳನ್ನು ಅವರು ಟ್ರ್ಯಾಕ್ಟರಿನ ಎರಡೂ ಬದಿಗೆ ಉದ್ದನೆಯ ಸಲಾಕೆ ಬೆಸೆದು ಕೂರಿಸಿದ್ದಾರೆ. ಅದರಲ್ಲಿ ಮೂರು ವಾಹನ ಕಂಡರೆ ಸಾಕು, ರಸ್ತೆ ಅಗಲವಾದ ಕಡೆ ಪೂರ್ತಿ ಪಕ್ಕಕ್ಕೆ ಸರಿದು ನಿಂತುಬಿಡುತ್ತಾರೆ. ಹೊಲದಿಂದ ಕಾರ್ಖಾನೆಗೆ ಹೋಗುವ ಒಂದು ಖೇಪಿಗೆ ಕಡಿಮೆಯೆಂದರೂ ಎಂಟು ಸಲ.

ಹೋಗಿ ಎಂದು ಕೈ ಮಾತ್ರ ಬೀಸುವುದಿಲ್ಲ. ಯಾಕೆಂದರೆ, "ನನ್ನ ಕೈ ನಂಬಿ ಒಬ್ಬಾಂವ ಹೊಂಟ, ಎದರಿಗೆ ಲಾರಿ ಬಂತು ಅಂದ್ರ ಏನ್ ಮಾಡೂದ್ರಿ? ನಾ ನಿಂದರತೇನಿ. ಅವರ ಕಣ್ಣೀಲೆ ಅವರು ನೋಡಿ ಹೋಗ್ಲಿ."

ಮೊದಲಿನಿಂದಲೂ ಅವರು ಹೀಗಿರಲಿಲ್ಲ. ಮೊದಲ ಹತ್ತೊಂಬತ್ತು ವರ್ಷ ಎಲ್ಲರಂತೆ ಓಡಿಸಿದವರೇ. ತಲೆಯ ಹಿಂದೆ ಎರಡು ಸ್ಪೀಕರು, ಊರೆಲ್ಲ ಕೇಳುವಂಥ ಹಾಡು, ನಡುರಸ್ತೆಯಲ್ಲಿ ಸವಾರಿ. ಹಿಂದೆ ಯಾರಾದರೂ ಹಾರ್ನ್ ಹೊಡೆದರೆ ಕೇಳಿಸುತ್ತಲೇ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರ ಹೆಂಡತಿ ತಂಗೆವ್ವ ತಮ್ಮನಾದ ಪರಪ್ಪನ ಬೈಕಿನ ಹಿಂದೆ ಕುಳಿತು ರಾಮದುರ್ಗದಿಂದ ಊರಿಗೆ ಬರುತ್ತಿದ್ದರು. ಮುಂದೆ ಯಾರದೋ ಕಬ್ಬಿನ ಟ್ರ್ಯಾಕ್ಟರ್. ಪರಪ್ಪ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಬಲಕ್ಕೆ ಗಾಡಿ ಹೊರಳಿಸಿದ. ಅದೇ ಹೊತ್ತಿಗೆ ಟ್ರ್ಯಾಕ್ಟರಿನವನು ತಗ್ಗು ತಪ್ಪಿಸಲು ಬಲಕ್ಕೆ ಎಳೆದ. ಟ್ರೇಲರ್ ತಾಗಲಿಲ್ಲ. ಆದರೆ ಬೈಕು ರಸ್ತೆ ಬಿಟ್ಟು ಕಾಲುವೆಯ ಏರಿಗೆ ಬಿತ್ತು. ಪರಪ್ಪನಿಗೆ ತರಚಿದ ಗಾಯವಷ್ಟೇ. ತಂಗೆವ್ವನ ತೊಡೆಯ ಎಲುಬು ಮುರಿಯಿತು. ಆ ಕಾಲು ಇವತ್ತಿಗೂ ಕೊಂಚ ಗಿಡ್ಡ.

ಸುದ್ದಿ ಕೇಳಿ ಆಸ್ಪತ್ರೆಗೆ ಓಡಿಬಂದ ಕಾಡಪ್ಪ ಮೊದಲು ಕೇಳಿದ್ದು, ಆ ಟ್ರ್ಯಾಕ್ಟರಿನವನು ಯಾರು ಎಂದು. ಸಿಕ್ಕರೆ ಬಿಡುವವರಿರಲಿಲ್ಲ. ಅವನು ನಿಲ್ಲಲೇ ಇಲ್ಲ, ಹಾಡು ಹಚ್ಚಿಕೊಂಡು ಹಾಗೆಯೇ ಹೋದ, ಹಿಂದೆ ಏನಾಯಿತೆಂಬುದು ಅವನಿಗೆ ತಿಳಿದಂತೆಯೇ ಕಾಣಲಿಲ್ಲ ಎಂದ ಪರಪ್ಪ. ಕಾಡಪ್ಪ ಅಲ್ಲೇ ಗೋಡೆಗೆ ಒರಗಿ ಕುಳಿತರು.

"ಅಂವಗ ಗೊತ್ತಽ ಇಲ್ಲ ಅಂದ ಮ್ಯಾಲೆ ನಾ ಯಾರಿಗೆ ಬೈಲಿರಿ? ಹತ್ತೊಂಬತ್ತ ವರ್ಷ ನಾನೂ ಹಂಗಽ ಹೊಡದೇನಿ. ನನ್ನ ಹಿಂದ ಎಷ್ಟ ಮಂದಿ ಬಿದ್ದಾರೋ, ನನಗರ ಏನ್ ಗೊತ್ತು?" ಈ ಮಾತನ್ನು ಹೇಳುವಾಗ ಇವತ್ತಿಗೂ ಅವರ ದನಿ ತಗ್ಗುತ್ತದೆ.

ಮರುದಿನವೇ ಸ್ಪೀಕರು ಬಿಚ್ಚಿಟ್ಟರು. ಅಡಿಗೆ ಮನೆಯ ಬಾಗಿಲಲ್ಲಿ ನಿಂತ ತಂಗೆವ್ವ ಅದನ್ನು ನೆನೆದು ನಗುತ್ತಾರೆ. "ಆ ಹಾಡಿನ ಡಬ್ಬಿ ತಗೀರಿ ಅಂತ ಲಗ್ನಾದಾಗಿಂದ ಹೇಳಿದ್ನಿ. ನಾ ಬಿದ್ದ ಮ್ಯಾಲೆ ತಗದ್ರು."

ರಸ್ತೆಯ ಮೇಲೆ ನಿಂತು ನಿಂತು ಹೋಗುವ ಟ್ರ್ಯಾಕ್ಟರು ಅರ್ಧ ತಾಸು ತಡವಾಗಿ ಕಾರ್ಖಾನೆ ಮುಟ್ಟುತ್ತದೆ. ಅಷ್ಟರಲ್ಲಿ ಬೇರೆಯವರು ಸರತಿಯಲ್ಲಿ ಮುಂದೆ ಹೋಗಿರುತ್ತಾರೆ. ಉಳಿದವರು ದಿನಕ್ಕೆ ಎರಡು ಖೇಪು ಹೊಡೆದರೆ ಕಾಡಪ್ಪನವರದು ಎಷ್ಟೋ ದಿನ ಒಂದೇ. ನಾಲ್ಕು ವರ್ಷದ ಹಿಂದೆ ಟ್ರ್ಯಾಕ್ಟರಿನ ಮಾಲೀಕ ಮಹಾದೇವ ಅವರಿಗೆ ತಾಳ್ಮೆ ತಪ್ಪಿತು. ಹಂಗಾಮಿನ ನಡುವೆಯೇ, ನಾಳೆಯಿಂದ ಬೇರೆ ಡ್ರೈವರ್ ಬರುತ್ತಾನೆ, ಕೀಲಿ ಕೊಟ್ಟುಬಿಡು ಎಂದರು. ಕಾಡಪ್ಪ ವಾದ ಮಾಡಲಿಲ್ಲ. ಒಂದೇ ಒಂದು ಮಾತು ಕೇಳಿಕೊಂಡರು.

"ಸಾವ್ಕಾರ್ರ, ನಾಳೆ ಒಂದ್ ಮುಂಜಾನಿ ಬೈಕ್ ತಗೊಂಡು ಹಿಂದ ಬರ್ರಿ. ಮೊದಲ ಬ್ಯಾರೆ ಮಂದಿ ಟ್ರ್ಯಾಕ್ಟರಿನ ಹಿಂದ, ಆಮ್ಯಾಲೆ ನನ್ನ ಹಿಂದ. ಕಾರ್ಖಾನಿ ಮುಟ್ಟಿದ ಕೂಡ್ಲೆ ಕೀಲಿ ಕೊಡತೇನಿ."

ಮಹಾದೇವ ಬಂದರು. ಪಕ್ಕದ ಹೊಲದಿಂದ ಹೊರಟ ಟ್ರ್ಯಾಕ್ಟರಿನ ಹಿಂದೆ ಒಂಬತ್ತು ಕಿಲೋಮೀಟರು ಹೋದರೂ ಸೈಡ್ ಸಿಗಲಿಲ್ಲ. ಕಣ್ಣಿಗೆ ಧೂಳು, ಕಿವಿಗೆ ಹಾಡು. ಲೋಡಿನಿಂದ ಜಾರಿದ ಕಬ್ಬೊಂದು ಮುಂದಿನ ಗಾಲಿಗೇ ಬಂದು ಬಿತ್ತು. ಎರಡು ಸಲ ಬಲಕ್ಕೆ ಇಣುಕಿ, ಎದುರಿಗೆ ಬಂದ ವಾಹನ ಕಂಡು ವಾಪಸು ಸರಿದರು. ಕೊನೆಗೆ ಸಿರಸಂಗಿ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದರು. ಅಷ್ಟರಲ್ಲಿ ಕಾಡಪ್ಪ ಅದೇ ದಾರಿಯಲ್ಲಿ ಮುಂದೆ ಹಾದುಹೋದರು. ಮಹಾದೇವ ಹಿಂದೆ ಹೊರಟರು. ಎರಡು ಕಿಲೋಮೀಟರು ಆಗುವಷ್ಟರಲ್ಲಿ ಟ್ರ್ಯಾಕ್ಟರ್ ಇಂಡಿಕೇಟರ್ ಹಾಕಿ, ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತಿತು.

"ನನ್ನಽ ಟ್ರ್ಯಾಕ್ಟರಿನ ಬೆನ್ನ ನಾ ಮೊದಲನೇ ಸಲ ನೋಡಿದ್ದು ಅವತ್ತ," ಎನ್ನುತ್ತಾರೆ ಮಹಾದೇವ. ಕಾರ್ಖಾನೆಯ ಅಂಗಳದಲ್ಲಿ ಕಾಡಪ್ಪ ಕೀಲಿ ಚಾಚಿದರೆ ಅವರು ತೆಗೆದುಕೊಳ್ಳಲಿಲ್ಲ. ಬೈಕು ತಿರುಗಿಸಿ ಹೊರಟುಹೋದರು. ಮರುದಿನ ಹಿಂದಿನ ಟ್ರೇಲರಿಗೆ ಹೊಸ ದೀಪ ಬಂತು.

ಊರಿನಲ್ಲಿ ಹೊಸದಾಗಿ ಕಬ್ಬಿನ ಗಾಡಿ ಹಿಡಿಯುವವರಿಗೆ ಈಗ ಕಾಡಪ್ಪನವರದು ಇದೇ ಪಾಠ. ಮೊದಲು ಬೈಕಿನ ಮೇಲೆ ಲೋಡಿನ ಹಿಂದೆ ಬರಬೇಕು, ಆಮೇಲೆ ಸ್ಟೇರಿಂಗ್. ಇದುವರೆಗೆ ಹದಿನಾಲ್ಕು ಮಂದಿ ಬಂದಿದ್ದಾರೆ. ಸಿದ್ದರಾಮ ಎಂಬಾತ ಅವತ್ತೇ ಸಂಜೆ ತನ್ನ ಸ್ಪೀಕರಿನ ವೈರು ಕಿತ್ತ. ಶಟ್ಟೆಪ್ಪ ನಕ್ಕು ಹೋದ, ಈಗಲೂ ಹಾಡು ಹಚ್ಚಿಕೊಂಡೇ ಓಡಾಡುತ್ತಾನೆ. ಎಲ್ಲರೂ ಕೇಳುವುದಿಲ್ಲ ಎಂಬುದು ಕಾಡಪ್ಪನವರಿಗೆ ಗೊತ್ತಿದೆ. ಹಂಗಾಮು ಶುರುವಾದಾಗ ಶಟ್ಟೆಪ್ಪನನ್ನು ಮತ್ತೆ ಕರೆಯುವುದನ್ನು ಮಾತ್ರ ಬಿಟ್ಟಿಲ್ಲ.

ಕಳೆದ ವಾರ ತಂಗೆವ್ವ ಬಸ್ಸಿನಲ್ಲಿ ಸವದತ್ತಿಗೆ ಹೊರಟಿದ್ದರು. ದಾರಿಯಲ್ಲಿ ಮುಂದೆ ಜೋಡಿ ಟ್ರೇಲರ್ ಅಡ್ಡವಾಯಿತು. ಹಾರ್ನ್ ಹೊಡೆಯಿರಿ, ಹೊತ್ತಾಯಿತು ಎಂದು ಮುಂದಿನ ಸೀಟಿನವರು ಗೊಣಗಿದರು. ಬಸ್ಸಿನ ಚಾಲಕ ಅವಸರ ಮಾಡಲಿಲ್ಲ. "ತಡೀರಿ, ಮುಂದ ಸಾಲಹಳ್ಳಿ ಕಾಡಪ್ಪಣ್ಣ ಅದಾನ. ಜಾಗಾ ಸಿಕ್ಕ ಕೂಡ್ಲೆ ತಾನಽ ಸರೀತಾನ," ಎಂದ. ಅರ್ಧ ಕಿಲೋಮೀಟರಿನಲ್ಲಿ ಟ್ರೇಲರ್ ಸರಿದು ನಿಂತಿತು. ತಾನು ಯಾರೆಂದು ತಂಗೆವ್ವ ಯಾರಿಗೂ ಹೇಳಲಿಲ್ಲ. ಕಿಟಕಿಯಿಂದ ನೋಡಿದರೆ ಗಂಡನ ಕಣ್ಣು ಕನ್ನಡಿಯ ಮೇಲೆಯೇ ಇತ್ತು.

ಸಂಜೆ ಊಟಕ್ಕೆ ಕುಳಿತಾಗ ಅವರು ಇದನ್ನು ಗಂಡನಿಗೆ ಹೇಳಿದರು. ಆ ಡ್ರೈವರ್ ನನ್ನ ಹೆಸರು ಹಿಡಿದು ಹೇಳಿದನೇ ಎಂದು ಕಾಡಪ್ಪ ಕೇಳಿದರು. ಹೌದು, ಊರಿನ ಹೆಸರೂ ಹೇಳಿದ ಎಂದರು ತಂಗೆವ್ವ.

"ಅವತ್ತ ಒಂದ್ ರೊಟ್ಟಿ ಹೆಚ್ಚಿಗೆ ಉಂಡ್ರು ನೋಡ್ರಿ," ಎನ್ನುತ್ತಾರೆ ತಂಗೆವ್ವ.