ಹಡಗಿನ ಹೊಟ್ಟೆಯೊಳಗೆ ಇಸ್ತ್ರಿ ಹಿಡಿದ ಕ್ಲೋರಿಸ್

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಗೋಡೆಯಾಚೆ ಲಂಗರಿನ ಸರಪಳಿ ಗಡಗಡನೆ ಇಳಿಯುತ್ತಿದೆ. ಕ್ಲೋರಿಸ್ ಫೋರ್ಡ್ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಿವಿಗೊಡುತ್ತಾರೆ. ಸದ್ದು ಬೇಗ ನಿಂತರೆ ನೀರು ಆಳವಿಲ್ಲ ಎಂದರ್ಥ. "ಮೈರೂ ಬಂತು," ಎನ್ನುತ್ತಾರೆ, ಮತ್ತೆ ಇಸ್ತ್ರಿ ಕೈಗೆತ್ತಿಕೊಳ್ಳುತ್ತಾರೆ. ಮೈರೂ ಅವರು ಹುಟ್ಟಿದ ದ್ವೀಪ. ನೋಡೋಣವೆಂದರೆ ಆ ಕೋಣೆಗೆ ಕಿಟಕಿಯೇ ಇಲ್ಲ.

ಈವನ್‌ಟೈಡ್ ಸಣ್ಣ ಹಡಗು. ಅರವತ್ನಾಲ್ಕು ಪ್ರಯಾಣಿಕರು, ಐವತ್ತೆರಡು ಸಿಬ್ಬಂದಿ. ದೊಡ್ಡ ಹಡಗುಗಳು ತಲೆಹಾಕಲಾರದ ಕೊಲ್ಲಿಗಳಿಗೆ ನುಗ್ಗುವುದೇ ಇದರ ಹೆಚ್ಚುಗಾರಿಕೆ. ಮೇಲಿನ ಅಂತಸ್ತಿನಲ್ಲಿ ಪ್ರತಿಯೊಬ್ಬರ ಹೆಸರೂ ಪರಿಚಾರಕರ ನಾಲಿಗೆಯ ಮೇಲಿರುತ್ತದೆ. ಯಾರಿಗೆ ನಿಂಬೆ ಬೇಕು, ಯಾರಿಗೆ ಮಂಜುಗಡ್ಡೆ ಬೇಡ ಎಂಬುದೂ ಗೊತ್ತಿರುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ, ಎಂಜಿನ್ನಿನ ಪಕ್ಕದಲ್ಲಿ, ನಲವತ್ತೇಳರ ಕ್ಲೋರಿಸ್ ಆ ಅರವತ್ನಾಲ್ಕು ಜನರನ್ನು ಅವರ ಬಟ್ಟೆಯಿಂದಲೇ ಬಲ್ಲರು. "ಹನ್ನೆರಡನೇ ಕೋಣೆಯಮ್ಮ ರಾತ್ರಿಯೆಲ್ಲ ಅಳ್ತಾಳೆ. ದಿಂಬಿನ ಚೀಲ ನೋಡಿದ್ರೆ ತಿಳಿಯುತ್ತೆ. ಮುಖ ನಾನು ನೋಡಿಲ್ಲ."

ದಿನಕ್ಕೆ ಎಪ್ಪತ್ತು ಬೆಡ್‌ಶೀಟು, ಮುನ್ನೂರರ ಆಸುಪಾಸು ಟವೆಲು, ಮೂರು ಹೊತ್ತಿನ ಊಟದ ಇನ್ನೂರು ಕೈವಸ್ತ್ರ. ಬೆಡ್‌ಶೀಟು ಹಾಯಿಸುವ ಬಿಸಿ ಉರುಳೆಯ ಮುಂದೆ ಒಬ್ಬರು, ಇಸ್ತ್ರಿ ಮೇಜಿನ ಮುಂದೆ ಒಬ್ಬರು. ಒಳಗಿನ ಸೆಕೆಗೆ ಬೆಳಗಾಗುವಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಕ್ಲೋರಿಸ್ ಅವರ ಬಲ ಮುಂಗೈ ಮೇಲೆ ಸಾಲಾಗಿ ಸುಟ್ಟ ಗುರುತುಗಳಿವೆ. ಕೇಳಿದರೆ ನಗುತ್ತಾರೆ. "ಹನ್ನೊಂದು ವರ್ಷದ ಸರ್ವೀಸು. ನಮಗೆ ಬಿಲ್ಲೆ ಕೊಡಲ್ಲ, ಇದನ್ನೇ ಕೊಡ್ತಾರೆ."

ಮೈರೂ ಎಂದರೆ ಒಂದು ಗುಡ್ಡ, ಗುಡ್ಡದ ಮೇಲೊಂದು ಕಲ್ಲಿನ ಇಗರ್ಜಿ, ಸುತ್ತ ಮುನ್ನೂರು ಜನ. ಕ್ಲೋರಿಸ್ ಅವರ ತಾಯಿ ಎನಿಡ್ ಅಲ್ಲಿ ಸಿಗಡಿ ಸುಟ್ಟು, ಕಪ್ಪೆಚಿಪ್ಪಿನ ಸರ ಪೋಣಿಸಿ, ಹಡಗಿಳಿದು ಬರುವವರಿಗೆ ಮಾರಿ ಮಗಳನ್ನು ಸಾಕಿದವರು. ಮಗಳು ಹಡಗು ಹತ್ತಿದ ದಿನ ಅವರು ಹೇಳಿದ್ದು ಒಂದೇ ಮಾತು: "ನಾನು ಇಷ್ಟು ವರ್ಷ ಅವರು ಬರೋ ದಾರಿ ಕಾದೆ. ನೀನು ಹೋಗಿ ಅವರು ಎಲ್ಲಿಂದ ಬರ್ತಾರೆ ನೋಡ್ಕೊಂಡು ಬಾರೇ."

ಹಡಗಿನಲ್ಲಿ ಸವೆದು ತೂತಾದ ಬೆಡ್‌ಶೀಟುಗಳನ್ನು ಒರೆಸುವ ಬಟ್ಟೆಗೆಂದು ಹರಿಯುತ್ತಾರೆ. ಹರಿಯುವ ಮುಂಚೆ ಒಂದೆರಡನ್ನು ಕ್ಲೋರಿಸ್ ಮೇಲಿನವರನ್ನು ಕೇಳಿ ಪಡೆದುಕೊಳ್ಳುತ್ತಿದ್ದರು. ತೂತಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿ ತಾಯಿಗೆ ಒಯ್ಯುತ್ತಿದ್ದರು. ಎನಿಡ್ ಅದನ್ನು ಒಂದು ದಿನವೂ ಹಾಸಿದವರಲ್ಲ. "ಇಷ್ಟು ನುಣ್ಣಗಿರೋದ್ರ ಮೇಲೆ ನಿದ್ದೆ ಬರಲ್ಲ ಕಣೇ, ಜಾರಿ ಬೀಳ್ತೀನಿ ಅನ್ಸುತ್ತೆ," ಎಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

ಇಂಥ ಹಡಗುಗಳಿಗೆ ವಲಸೆ ಹಕ್ಕಿಯ ಬುದ್ಧಿ. ಬಿರುಗಾಳಿಯ ತಿಂಗಳುಗಳು ಹತ್ತಿರ ಬಂದವೆಂದರೆ ಕೆರಿಬಿಯನ್ ಬಿಟ್ಟು ಯುರೋಪಿನ ಕಡಲಿಗೆ ಹೊರಡುತ್ತವೆ. ಪ್ರಯಾಣಿಕರ ಜೊತೆಗೆ ದಿಂಬು, ಗಾಜಿನ ಲೋಟ, ಕ್ಲೋರಿಸ್ ಎಲ್ಲರೂ ಅಪಾಯದಿಂದ ದೂರ ಹೋಗುತ್ತಾರೆ. ದ್ವೀಪ ಮಾತ್ರ ಇದ್ದಲ್ಲೇ ಇರುತ್ತದೆ.

ಕಳೆದ ಜುಲೈನಲ್ಲಿ ಬಿರುಗಾಳಿ ಮೈರೂ ಮೇಲೆ ಹಾದುಹೋದಾಗ ಈವನ್‌ಟೈಡ್ ಗ್ರೀಸಿನ ಒಂದು ಕೊಲ್ಲಿಯಲ್ಲಿ ನಿಂತಿತ್ತು. ಅಲ್ಲಿ ಗಾಳಿಯೇ ಇರಲಿಲ್ಲ. ಸಿಬ್ಬಂದಿಯ ಊಟದ ಕೋಣೆಯ ಟೀವಿಯಲ್ಲಿ ಕ್ಲೋರಿಸ್ ಒಂದು ನಕಾಶೆ ಕಂಡರು: ಬಿಳಿಯ ಸುಳಿ, ಅದರ ಕಣ್ಣಿನಡಿ ಹೆಸರೂ ಬರೆಯದ ಒಂದು ಚುಕ್ಕೆ. ನಾಲ್ಕು ದಿನ ಫೋನು ಸಿಗಲಿಲ್ಲ. ಐದನೆಯ ದಿನ, ಊರಿಗೆಲ್ಲ ಚಿಕ್ಕಮ್ಮನಂತಿರುವ ರೂಫಿನಾ ತಾಂತಿಯ ದನಿ ಕೇಳಿಸಿತು. "ಬದುಕಿದೀವಿ ಕಣಮ್ಮ. ಛಾವಣಿ ಇಲ್ಲ. ನಿಮ್ಮಮ್ಮನ ಕಾಲಿಗೆ ತಗಡು ಬಡಿದಿದೆ. ಸಣ್ಣ ಗಾಯ, ನೀನು ಯೋಚನೆ ಮಾಡ್ಬೇಡ."

ಸಕ್ಕರೆ ಕಾಯಿಲೆಯವರಿಗೆ ಸಣ್ಣ ಗಾಯ ಎಂಬುದಿಲ್ಲ. ಊರಿನ ಔಷಧಿ ಕೋಣೆಯ ಛಾವಣಿಯೂ ಹಾರಿತ್ತು. ದೊಡ್ಡ ದ್ವೀಪಕ್ಕೆ ಒಯ್ಯುವ ದೋಣಿಗೆ ಕಾಯುತ್ತ, ಬಿರುಗಾಳಿ ಕಳೆದ ಒಂಬತ್ತನೆಯ ದಿನ ಎನಿಡ್ ತೀರಿಕೊಂಡರು.

ಕ್ಯಾಪ್ಟನ್ ದಾರ್ಕೊ ಒಳ್ಳೆಯ ಮನುಷ್ಯ. "ಹೊರಡಮ್ಮ, ಟಿಕೆಟ್ ಮಾಡಿಸ್ತೀನಿ," ಎಂದರು. ಕ್ಲೋರಿಸ್ ಬೆರಳು ಮಡಚಿ ಎಣಿಸಿದರು: ಎರಡು ವಿಮಾನ, ಒಂದು ಹಡಗು, ಆಮೇಲೆ ಯಾರಾದರೂ ಕರುಣೆಯಿಟ್ಟು ಹತ್ತಿಸಿಕೊಳ್ಳಬೇಕಾದ ದೋಣಿ. ಐದು ದಿನ. ಅಲ್ಲಿ ದೇಹ ಕೆಡದಂತಿಡಲು ಮಂಜುಗಡ್ಡೆಯಿಲ್ಲ, ಸುಡುವ ಬಿಸಿಲು. ಮಾರನೆಯ ಬೆಳಿಗ್ಗೆಯೇ ಮಣ್ಣು. "ಮಣ್ಣಿಗೂ ಸಿಗಲ್ಲ ಅಂದ್ಮೇಲೆ ಯಾರಿಗೋಸ್ಕರ ಹೋಗ್ಲಿ ಅಂತ ಉಳಿದೆ. ಆ ಸಂಜೆ ಕೈವಸ್ತ್ರಕ್ಕೆ ಇಸ್ತ್ರಿ ಹಾಕಿದೆ. ಅರವತ್ನಾಲ್ಕೂ ಹಾಕಿದೆ. ಹೇಗೆ ಹಾಕಿದೆ ಅಂತ ನನ್ನ ಕೇಳ್ಬೇಡಿ."

ಶವಪೆಟ್ಟಿಗೆಗೆ ಹಲಗೆ ಇರಲಿಲ್ಲ. ಸಿಕ್ಕ ಹಲಗೆಯೆಲ್ಲ ಬದುಕಿದವರ ತಲೆಯ ಮೇಲೆ ಹೋಗಿತ್ತು. ತಗಡಿನ ಪೆಟ್ಟಿಗೆ ಒಡೆದು, ಒಳಗಿದ್ದ ಬೆಡ್‌ಶೀಟಿನಲ್ಲಿ ಎನಿಡ್ ಅವರನ್ನು ಸುತ್ತಿದರು. ಅದನ್ನೂ ರೂಫಿನಾ ತಾಂತಿಯೇ ಫೋನಿನಲ್ಲಿ ಹೇಳಿದ್ದು. "ಮೂಲೇಲಿ ನೀಲಿ ಹೊಲಿಗೆ ಇತ್ತು ಕಣೇ. ಚೆಂದ ಕಾಣ್ತಿದ್ಲು ನಿಮ್ಮಮ್ಮ, ರಾಣಿ ಹಂಗೆ." ಕ್ಲೋರಿಸ್ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ: "ಮಡಿಕೆ ಬಿಡಿಸಿ ಸರಿಯಾಗಿ ಹೊದಿಸಿದ್ರಾ ತಾಂತಿ?"

ನವೆಂಬರಿನಲ್ಲಿ ಹಡಗು ಕೆರಿಬಿಯನ್ನಿಗೆ ಮರಳಿತು. ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ, ಮೈರೂ ಇರಬೇಕಿದ್ದ ಗುರುವಾರದ ಮುಂದೆ ಬೇರೊಂದು ದ್ವೀಪದ ಹೆಸರಿತ್ತು. ಮುರಿದ ಮನೆ ನೋಡಲು ಯಾರೂ ದುಡ್ಡು ಕೊಟ್ಟು ಬರುವುದಿಲ್ಲ ಎಂಬುದು ಕಂಪನಿಯ ಲೆಕ್ಕ. ಹಡಗು ನಿಲ್ಲದಿದ್ದರೆ ರೂಫಿನಾ ತಾಂತಿ ಮಾಡಿ ಮಾರುವ ಮೆಣಸಿನ ಖಾರದ ಬಾಟಲಿಗಳನ್ನು ಕೊಳ್ಳುವವರಿಲ್ಲ, ದೋಣಿಯವರಿಗೆ ಕೆಲಸವಿಲ್ಲ, ತಗಡು ತರಲು ಯಾರ ಕೈಯಲ್ಲೂ ಕಾಸಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಡಗು ನಡೆಸುವ ಕೋಣೆಯ ಮೆಟ್ಟಿಲು ಹತ್ತದ ಕ್ಲೋರಿಸ್ ಅವತ್ತು ಒದ್ದೆ ಕೈ ಒರೆಸಿಕೊಂಡು ಕ್ಯಾಪ್ಟನ್ನರ ಮುಂದೆ ಹೋಗಿ ನಿಂತರು.

"ನನ್ನ ಕೈಲಿಲ್ಲ ಕ್ಲೋರಿಸ್. ಆಫೀಸಿನವರು ಬೇಡ ಅಂದಿದಾರೆ."

"ಸಾರ್, ಮನೆ ಬಿದ್ದಿರೋದು ನಿಜ. ಕಡಲು ಬಿದ್ದಿಲ್ವಲ್ಲ. ಅವರು ಕಡಲು ನೋಡೋಕೆ ತಾನೆ ಬರೋದು?"

ಕ್ಯಾಪ್ಟನ್ ಆಫೀಸಿಗೆ ಕಾಗದ ಬರೆದರು, ಉತ್ತರ ಬಾರದೆ ಇನ್ನೊಂದು ಬರೆದರು. ಜನವರಿಯಲ್ಲಿ, ಒಂದು ಸಲ ನಿಲ್ಲಿಸಿ ನೋಡೋಣ ಎಂದು ಒಪ್ಪಿಗೆ ಬಂತು. ಕ್ಲೋರಿಸ್‌ಗೆ ಎರಡು ಗಂಟೆ ಬಿಡುವು ಸಿಕ್ಕಿತು.

ಜೆಟ್ಟಿಯ ಮೇಲೆ ರೂಫಿನಾ ತಾಂತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಬಂದ್ಯಾ ತಾಯಿ? ದಾರಿ ಜ್ಞಾಪಕ ಇತ್ತಾ? ಎಲ್ಲ ಮುಗಿದ ಮೇಲೆ ಹೂ ಹಿಡ್ಕೊಂಡು ಬರೋರು ಬಾಳ ಜನ." ಬೈದು ಮುಗಿಯುವ ಮೊದಲೇ ಅವರೇ ಅತ್ತರು. ಕ್ಲೋರಿಸ್ ಅಳಲಿಲ್ಲ. ಗುಡ್ಡ ಹತ್ತಿದರು. ಹೊಸ ಮಣ್ಣಿನ ದಿಬ್ಬ, ಒಡೆದ ದೋಣಿಯ ಹಲಗೆಯಿಂದ ಮಾಡಿದ ಶಿಲುಬೆ, ಅದರ ಮೇಲೆ ಇದ್ದಿಲಿನಲ್ಲಿ ಬರೆದ ಹೆಸರು. ಮಳೆಗೆ ಅರ್ಧ ಅಕ್ಷರ ಹೋಗಿತ್ತು. ಕ್ಲೋರಿಸ್ ಬೆರಳಲ್ಲಿ ಉಳಿದರ್ಧ ತಡವಿದರು, ಹುಲ್ಲು ಕಿತ್ತರು, ಕೂತರು. "ಬೆವರು ಮಾತ್ರ ಒರೆಸ್ಕೊಂಡೆ."

ಇಳಿಯುವಾಗ ದಾರಿಯಲ್ಲಿ ಹಡಗಿನ ಪ್ರಯಾಣಿಕ ಮಹಿಳೆಯೊಬ್ಬರು ಎದುರಾದರು. ಹುಲ್ಲಿನ ಟೋಪಿ, ದಯೆಯ ಮುಖ. ಊರಿನವಳೆಂದೇ ತಿಳಿದು ಮಾತಾಡಿಸಿದರು.

"ಬಿರುಗಾಳಿ ಬಂದಾಗ ನೀವು ಇಲ್ಲೇ ಇದ್ರಾ?"

"ಇಲ್ಲಮ್ಮ, ಹಡಗಲ್ಲಿದ್ದೆ. ನೀವು ಮಲಗೋ ಬೆಡ್‌ಶೀಟಿಗೆ ನಾನೇ ಇಸ್ತ್ರಿ ಮಾಡೋದು."

"ದೇವರು ದೊಡ್ಡವನು, ನೀವು ಉಳಿದ್ರಿ," ಎಂದರು ಆ ಮಹಿಳೆ. ಕ್ಲೋರಿಸ್ ತಲೆಯಾಡಿಸಿ ಕೆಳಗಿಳಿದರು. ಹಡಗಿಗೆ ಮರಳುವ ದೋಣಿ ತಪ್ಪಿದರೆ ರಾತ್ರಿಯೂಟದ ಮೇಜುಗಳಿಗೆ ಬಟ್ಟೆಯಿರುವುದಿಲ್ಲ.

ಅಂದು ತಾಂತಿಯ ಖಾರದ ಬಾಟಲಿಗಳು ಹದಿನಾಲ್ಕು ಹೋದವು. ಈಗ ಎರಡು ವಾರಕ್ಕೊಮ್ಮೆ ಈವನ್‌ಟೈಡ್ ಅಲ್ಲಿ ನಿಲ್ಲುತ್ತದೆ. ಹತ್ತಾರು ಮನೆಗಳಿಗೆ ತಗಡು ಬಂದಿದೆ, ಎನಿಡ್ ಅವರ ಮನೆಗೆ ಇನ್ನೂ ಇಲ್ಲ. ಹಡಗು ನಿಲ್ಲುವುದು ಯಾರ ಮಾತಿನಿಂದ ಎಂದು ಮೇಲಿನ ಅಂತಸ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ದ್ವೀಪದಲ್ಲೂ ಗೊತ್ತಿರುವುದು ತಾಂತಿಗೆ ಮಾತ್ರ. ಹೇಳಬಾರದೆಂದು ಕ್ಲೋರಿಸ್ ಆಣೆ ಹಾಕಿಸಿದ್ದಾರೆ.

ಬರುವ ತಿಂಗಳು ಹಡಗು ಮತ್ತೆ ಯುರೋಪಿಗೆ ಹೊರಡುತ್ತದೆ. ಬೇಸಿಗೆಯ ಕರಾರಿನ ಕಾಗದ ಕ್ಲೋರಿಸ್ ಅವರ ಮಂಚದಡಿ ಸಹಿಯಿಲ್ಲದೆ ಬಿದ್ದಿದೆ. ಸಹಿ ಹಾಕದಿದ್ದರೆ ನವೆಂಬರಿನಲ್ಲಿ ಈ ಇಸ್ತ್ರಿ ಮೇಜು ಇನ್ನೊಬ್ಬರದಾಗಿರಬಹುದು. ಅದೂ ಅವರಿಗೆ ಗೊತ್ತು. ಆದರೂ ಅವರಿಗಿರುವುದು ಒಂದೇ ಆಸೆ: ಈ ಸಲದ ಬಿರುಗಾಳಿ ತಿಂಗಳುಗಳಲ್ಲಿ ಮೈರೂನಲ್ಲಿರಬೇಕು.

ಹೆದರಿಕೆಯಿಲ್ಲವೇ ಎಂದರೆ ಬೆಡ್‌ಶೀಟಿನ ಅಂಚು ಎಳೆದು ಸರಿಮಾಡುತ್ತ ಹೇಳುತ್ತಾರೆ:

"ಇಲ್ದೆ ಇರುತ್ತಾ? ಇದೆ. ಆದ್ರೆ ಹೋದ ವರ್ಷ ಅಷ್ಟು ದೂರದಲ್ಲಿ ಒಬ್ಳೇ ಕೂತು ಹೆದರಿದೆ ನೋಡಿ, ಅದು ಯಾರಿಗೂ ಬೇಡ. ಹೆದರೋದಾದ್ರೆ ನಮ್ಮೋರ ಮಧ್ಯೆ ಕೂತು ಹೆದರಬೇಕು."